ನಮ್ಮಟ್ಟಿಯ ಸಗಣಿ ನಾಟಕ

ನಮ್ಮೂರಿಗೆ ಸಗಣಿ ಲಾರಿ ಬರುತ್ತಿದ್ದ ಕಾಲ ಅದು. ನಗಬೇಡಿ. ಬಾಲ್ಯ ಅಂದಕೂಡಲೇ ಬೇರೆಯವರ ಮೂಗಿಗೆ ಮಲ್ಲಿಗೆಯೋ ಮಾವಿನಹಣ್ಣೋ ಬರುತ್ತದಂತೆ. ನನ್ನ ಮೂಗಿಗೆ ಮೊದಲು ಬರುವುದು ಒಣಗಿದ ಸಗಣಿಯ ವಾಸನೆ. ಅದರ ಬೆನ್ನಿಗೇ ಅವರೆಕಾಯಿಯ ಸೊಗಡು, ಆಮೇಲೆ ಯಾರದೋ ಹೊಲದಲ್ಲಿ ಅರಿಸಿನ ಬೇಯುತ್ತಿರುವ ಹಬೆ. ಈ ಮೂರೂ ಸೇರಿದರೆ ನನಗೆ ಒಂಬತ್ತನೇ ಕ್ಲಾಸು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರುಗಳಲ್ಲಿ ನಮ್ಮದೂ ಒಂದು. ಊರು ಮುಗಿದ ಕಡೆ ಹೊಲ, ಹೊಲ ಮುಗಿದ ಕಡೆ ಆನೆ ಬರದಿರಲಿ ಅಂತ ತೋಡಿದ ಕಂದಕ, ಕಂದಕದ ಆಚೆ ಕಾಡು. ಆನೆಯನ್ನು ತಡೆಯಬೇಕಾದ ಕಂದಕವನ್ನು ನಮ್ಮ ದನಗಳೇ ಅಲ್ಲಲ್ಲಿ ತುಳಿದು ಮಟ್ಟ ಮಾಡಿ ದಾರಿ ಮಾಡಿಕೊಂಡಿದ್ದವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಫೋನು, ಗೌಡರ ಮನೆಯಲ್ಲಿ ಕಲರ್ ಟಿವಿ, ಉಳಿದಂತೆ ಎಲ್ಲ ಹಳೆಯದೇ.

ನಮ್ಮ ಕಡೆ ಮನೆಗೆ ಹಟ್ಟಿ ಅನ್ನುತ್ತೇವೆ. ನಮ್ಮಟ್ಟಿಯ ಕೊಟ್ಟಿಗೆ ತುಂಬ ದನ, ಆದರೆ ಹಾಲು ಕಾಫಿಗೂ ಸಾಲುತ್ತಿರಲಿಲ್ಲ. ಅವು ಹಾಲಿನ ದನಗಳಲ್ಲ, ಸಗಣಿಯ ದನಗಳು. ಬೆಳಿಗ್ಗೆ ಅಪ್ಪ ಅವನ್ನು ಕಾಡಿಗೆ ಹೊಡೆದುಕೊಂಡು ಹೋಗುತ್ತಿದ್ದ. ಹಗಲೆಲ್ಲ ಮೇದು, ಸಂಜೆ ಧೂಳೆಬ್ಬಿಸುತ್ತ ಬಂದು, ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿದ್ದವು. ಬೆಳಗಾಗೆದ್ದು ಬಾಚುವುದು ಅವ್ವನ ಮತ್ತು ನನ್ನ ಕೆಲಸ. ಅಂಗಳದ ಮೂಲೆಯಲ್ಲಿ ಒಣಹಾಕಿ ಗುಡ್ಡೆ ಮಾಡಿಟ್ಟರೆ ಸುಲ್ತಾನ್ ಬತ್ತೇರಿ ಕಡೆಯಿಂದ ಲಾರಿ ಬರುತ್ತಿತ್ತು. ಕೇರಳದ ಕಾಫಿಗೆ, ಮೆಣಸಿಗೆ, ಶುಂಠಿಗೆ ನಮ್ಮ ಕಾಡು ದನಗಳ ಸಗಣಿಯೇ ಆಗಬೇಕಂತೆ. ಲಾರಿಯ ಜೊತೆ ಬರುತ್ತಿದ್ದ ವ್ಯಾಪಾರಿಯನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಬಿದಿರಿನ ಮಂಕರಿಯಲ್ಲಿ ಹೊತ್ತು ಹೊತ್ತು ಸುರಿಯುವಾಗ ಆತ ಲಾರಿಯ ಮೇಲೆ ನಿಂತು ಕೈಯಾಡಿಸುತ್ತ “ಮತಿ, ಮತಿ” ಅನ್ನುತ್ತಿದ್ದ. ಸಾಕು ಸಾಕು ಅಂತ. ನಾವು ಮಕ್ಕಳು ಅದನ್ನು ಕಲಿತುಕೊಂಡು, ಅವ್ವ ಮುದ್ದೆ ಬಡಿಸುವಾಗಲೂ “ಮತಿ, ಮತಿ” ಅಂದು ಬೈಸಿಕೊಳ್ಳುತ್ತಿದ್ದೆವು.

ಆ ವರ್ಷ ನಮ್ಮ ಹೈಸ್ಕೂಲಿಗೆ ಅನ್ವರ್ ಮೇಷ್ಟ್ರು ಬಂದಿದ್ದರು. ಗುಂಡ್ಲುಪೇಟೆಯವರು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ ಪಾಠ. ಅವರ ಅಣ್ಣ ಪೇಟೆಯಲ್ಲಿ ಟೈಲರ್. ಮೇಷ್ಟ್ರು ದಿನಾ ಒಂದು ಟಿವಿಎಸ್ ಮೊಪೆಡ್ಡಿನಲ್ಲಿ ಬರುತ್ತಿದ್ದರು, ಅದು ಏರಿನಲ್ಲಿ ಅತ್ತು ಇಳಿಜಾರಿನಲ್ಲಿ ಕೆಮ್ಮುತ್ತಿತ್ತು. ಸದ್ದು ಕೇಳಿದ ಕೂಡಲೇ ನಾವು ಕುಂಟೆಬಿಲ್ಲೆ ಬಿಟ್ಟು ಒಳಗೆ ಓಡುತ್ತಿದ್ದೆವು. ಕೋಲು ಹಿಡಿಯುತ್ತಿರಲಿಲ್ಲ. ಆದರೆ ಪ್ರಶ್ನೆ ಕೇಳಿ ಸುಮ್ಮನೆ ನಿಂತುಬಿಡುತ್ತಿದ್ದರು. ಅದಕ್ಕಿಂತ ಕೋಲೇ ವಾಸಿ ಅನ್ನಿಸುತ್ತಿತ್ತು.

ಒಂದು ದಿನ ಅವರು, ಚಾಮರಾಜನಗರದಲ್ಲಿ ಮಕ್ಕಳ ನಾಟಕ ಸ್ಪರ್ಧೆ ನಡೆಯುತ್ತದೆ, ವಿಷಯ ಪರಿಸರ, ನಾಟಕವನ್ನು ಮಕ್ಕಳೇ ಬರೆಯಬೇಕು ಅಂದರು. “ನೀವು ಬರೆಯಿರಿ. ನಾನು ಒಂದು ಅಕ್ಷರವನ್ನೂ ಬರೆದುಕೊಡುವುದಿಲ್ಲ” ಅಂತಲೂ ಸೇರಿಸಿದರು. ನಮಗೆ ಅದೇನು ಮಹಾ! ಮಾರನೆಯ ದಿನವೇ ಎಲ್ಲರೂ ಬರೆದುಕೊಂಡು ಹೋದೆವು. ಎಲ್ಲರ ನಾಟಕದಲ್ಲೂ ಒಬ್ಬ ರಾಜ. ಒಬ್ಬ ದುಷ್ಟ ಕೊಡಲಿ ಹಿಡಿದು ಬರುತ್ತಾನೆ, ಮರ ಅಳುತ್ತದೆ, ರಾಜ ಬುದ್ಧಿ ಹೇಳುತ್ತಾನೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು “ಕಾಡು ಉಳಿಸಿ, ನಾಡು ಉಳಿಸಿ” ಅನ್ನುತ್ತಾರೆ. ಪಕ್ಕದ ಹಟ್ಟಿಯ ಮಾದೇಶನಂತೂ ಮರದ ಕೈಯಲ್ಲಿ ಒಂದು ಹಾಡನ್ನೂ ಹೇಳಿಸಿದ್ದ.

ಮೇಷ್ಟ್ರು ಎಲ್ಲವನ್ನೂ ಓದಿ ಮೇಜಿನ ಮೇಲಿಟ್ಟರು.

“ಈ ದುಷ್ಟ ಯಾವ ಊರಿನವನು?”

ನಾವು ಕತ್ತು ಚಾಚಿ ಮೇಜಿನ ಮೇಲಿನ ಹಾಳೆಗಳನ್ನು ನೋಡಿದೆವು.

“ಅವನಿಗೆ ಹೆಸರಿಲ್ಲವಾ? ಹೆಂಡತಿ ಮಕ್ಕಳಿಲ್ಲವಾ? ಮಕ್ಕಳಿದ್ದರೆ ಯಾವ ಸ್ಕೂಲಿಗೆ ಹೋಗುತ್ತಾರೆ?”

ಮಾದೇಶ ಕಿಸಕ್ಕನೆ ನಕ್ಕ. “ನಮ್ ಸ್ಕೂಲ್ಗೇ ಇರ್ಬೇಕು ಸಾ.”

ಮೇಷ್ಟ್ರು ನಗಲಿಲ್ಲ. “ಹಾಗಾದರೆ ಅವನ ವಿಷಯ ಬರೆಯಿರಿ” ಅಂದರು. ಆಮೇಲೆ ಹೇಳಿದರು, ಇವತ್ತು ಸಂಜೆ ನಿಮ್ಮ ನಿಮ್ಮ ಅಂಗಳದಲ್ಲಿ ಕೂತುಕೊಳ್ಳಿ, ಏನು ಕಾಣುತ್ತದೋ ಏನು ಕೇಳುತ್ತದೋ ಅದನ್ನು ಬರೆಯಿರಿ, ರಾಜ ನಿಮ್ಮ ಅಂಗಳಕ್ಕೆ ಬಂದರೆ ಮಾತ್ರ ಅವನನ್ನೂ ಸೇರಿಸಿ.

ಸಂಜೆ ನಾನು ನಮ್ಮ ಜಗಲಿಯ ಮೇಲೆ ಕೂತೆ. ದನ ಬಂದವು. ಅಪ್ಪ ಬಂದ. ಲಾರಿ ನಿಂತಿತ್ತು. ಅವ್ವ ಮಂಕರಿ ಹೊರುತ್ತಿದ್ದಳು, ಕಾಕಾ “ಮತಿ” ಅಂದ. ಹಸಿರು ಮೇದ ದನಗಳ ಹೊಟ್ಟೆ ತುಂಬಿತ್ತು, ಲಾರಿಯ ಹೊಟ್ಟೆಯೂ ತುಂಬಿತ್ತು. ಕಂದಕದ ಆಚೆ ಕಾಡಿನ ಅಂಚು ಮಾತ್ರ ಬೋಳಾಗಿ, ದನ ಬಾಯಿ ಹಾಕದ ಲಂಟಾನ ಪೊದೆಯೊಂದು ಬಿಟ್ಟು ಮತ್ತೇನೂ ಇಲ್ಲದೆ ನಿಂತಿತ್ತು. ದಿನಾ ನೋಡಿದ್ದೇ. ಆದರೆ ಬರೆಯಬೇಕು ಅಂತ ಕೂತು ನೋಡಿದ್ದು ಅದೇ ಮೊದಲು. ಕಾಡಿನ ಹುಲ್ಲು ನಮ್ಮ ದನದ ಹೊಟ್ಟೆಗೆ, ದನದ ಸಗಣಿ ಕೇರಳಕ್ಕೆ, ಕಾಡಿಗೆ ಏನು ಅಂತ ಥಟ್ಟನೆ ಹೊಳೆಯಿತು. ಆ ಸಂಜೆಯೇ ಕೂತು ಬರೆದುಬಿಟ್ಟೆ. ನಾಟಕದಲ್ಲಿ ನಾಲ್ಕೇ ಪಾತ್ರ: ದನಗಾಹಿ ಪುಟ್ಟಪ್ಪ, ಅವನ ಹೆಂಡತಿ, ಲಾರಿಯ ಕಾಕಾ, ಮತ್ತು ಕಾಡು. ಅಪ್ಪನ ಹೆಸರು ಪುಟ್ಟಮಾದಪ್ಪ. ಅರ್ಧ ಹೆಸರು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ನನ್ನ ಜಾಣತನ!

ಕ್ಲಾಸಿನಲ್ಲಿ ಓದಿದಾಗ ‘ಸಗಣಿ’ ಅಂದಲ್ಲೆಲ್ಲ ಹುಡುಗರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಕೊನೆಯವರೆಗೂ ಕೇಳಿ, “ಇದನ್ನೇ ಆಡೋಣ” ಅಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು: “ಒಂದು ಷರತ್ತು. ಯಾರ ವಿಷಯ ಬರೆದಿದ್ದೀರೋ ಅವರ ಅಂಗಳದಲ್ಲಿ ಮೊದಲು ಆಡಬೇಕು. ಅವರು ನೋಡಬೇಕು. ಬೇಡ ಅಂದರೆ ಬೇಡ.”

ನನ್ನ ಕಾಲು ಆಗ ನೆಲಕ್ಕೆ ಬಂತು.

ಯಾಕೆಂದರೆ ಆಗಲೇ ಫಾರೆಸ್ಟಿನವರು ದನಗಳನ್ನು ತಡೆಯಲು ಶುರುಮಾಡಿದ್ದರು. ಕಾಡಿನೊಳಗೆ ಸಿಕ್ಕ ದನಗಳನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಹಾಕಿದ್ದರು, ಬಿಡಿಸಿಕೊಂಡು ಬರುವಷ್ಟರಲ್ಲಿ ಊರಿನವರಿಗೆ ಸಾಕುಬೇಕಾಗಿತ್ತು. ಗಾರ್ಡುಗಳು ಕೇಳಿದರೆ ಇಡೀ ಊರು ಒಂದೇ ಮಾತು ಹೇಳುತ್ತಿತ್ತು, ನಮ್ಮ ದನ ಗೋಮಾಳ ಬಿಟ್ಟು ಒಳಗೆ ಕಾಲಿಡುವುದಿಲ್ಲ ಅಂತ. ಅಂಥಾದ್ದರಲ್ಲಿ ನಾನು ಚಾಮರಾಜನಗರಕ್ಕೆ ಹೋಗಿ, ಫಾರೆಸ್ಟ್ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತಿರುವಾಗ, ನಮ್ಮ ದನ ಎಲ್ಲಿ ಮೇಯುತ್ತವೆ ಅಂತ ಆಡಿ ತೋರಿಸುವುದು!

ಮಾದೇಶನ ಬಾಯಲ್ಲಿ ಎಳ್ಳು ನೆನೆಯುತ್ತಿರಲಿಲ್ಲ. ಸಂಜೆಯೊಳಗೆ ಸುದ್ದಿ ಅಪ್ಪನ ಕಿವಿಗೆ ಮುಟ್ಟಿತ್ತು. ಅಪ್ಪ ಊಟಕ್ಕೆ ಕೂತವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಹಿತುಕಿದ ಬೇಳೆ ಸಾರು, ಅವನಿಗೆ ಪ್ರಾಣ. ಅದನ್ನು ತಳ್ಳಿದ ಅಂದರೆ ಲೆಕ್ಕ ಹಾಕಿಕೊಳ್ಳಿ.

“ಏನಮ್ಮಿ, ಸಾಯೇಬ್ರ ಮುಂದೆ ಓಗಿ ನಮ್ಮಟ್ಟಿ ಗುಟ್ನೆಲ್ಲ ಬಿಚ್ಚೀಯಾ?”

“ನಾಟ್ಕ ಕಣಪ್ಪ ಅದು” ಅಂದೆ.

“ನಾಟ್ಕವಂತೆ ನಾಟ್ಕ! ನಾಳೀಕ್ ದನಾನೆಲ್ಲ ದೊಡ್ಡಿಗ್ ಕೂಡಾಕಂಡ್ರೆ ನಿನ್ ನಾಟ್ಕ ಬಂದು ಬುಡುಸ್ಕೊಂಡ್ ಬಂದದಾ?”

ಅವ್ವ ಒಲೆಯ ಮುಂದಿನಿಂದ, “ಈ ಸಗಣೀಲೇ ನೀನ್ ಉಟ್ಕೊಂಡಿರ ಯೂನಿಫಾರಂ ಬಂದಿರಾದು, ಮರ್ತ್ಬುಡ್ಬೇಡ” ಅಂದಳು. ಅಪ್ಪ ಬೈದಿದ್ದಕ್ಕಿಂತ ಅವ್ವನ ಮಾತು ಹೆಚ್ಚು ಚುಚ್ಚಿತು. ನಾನು ಬರೆದಿದ್ದು ಸುಳ್ಳಲ್ಲ. ಅವರು ಹೇಳುತ್ತಿರುವುದೂ ಸುಳ್ಳಲ್ಲ. ಹಾಗಾದರೆ ನಾನು ಏನು ಮಾಡಬೇಕು? ಆ ರಾತ್ರಿ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ಅತ್ತೆ. ನಾಟಕ ನಿಂತುಹೋಗುತ್ತದೆ ಅಂತ ಅಳು, ನಾಟಕ ನಡೆದರೆ ದನ ಹೋಗುತ್ತವೆ ಅಂತಲೂ ಅಳು.

ಮಾರನೆಯ ಸಂಜೆ ಮೊಪೆಡ್ಡು ಕೆಮ್ಮುತ್ತ ನಮ್ಮಟ್ಟಿಯ ಮುಂದೆಯೇ ಬಂದು ನಿಂತಿತು. ಮೇಷ್ಟ್ರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಅವ್ವ ಸೆರಗು ಸರಿಮಾಡಿಕೊಂಡು ಬೆಲ್ಲದ ಕಾಫಿ ಕೊಟ್ಟಳು. ಅಪ್ಪ ಕಂಬಕ್ಕೆ ಒರಗಿ ಎತ್ತಲೋ ನೋಡುತ್ತಿದ್ದ.

“ಪುಟ್ಟಮಾದಪ್ಪನವರೇ, ನಿಮ್ಮ ಮಗಳು ಒಳ್ಳೆ ನಾಟಕ ಬರೆದಿದ್ದಾಳೆ. ಭಾನುವಾರ ಇದೇ ಅಂಗಳದಲ್ಲಿ ಆಡುತ್ತೇವೆ. ನೀವು ನೋಡಿ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ, ಚಾಮರಾಜನಗರಕ್ಕೆ ಹೋಗುವುದಿಲ್ಲ.”

ಅಪ್ಪ ಈಗ ಇತ್ತ ತಿರುಗಿದ. “ದಿಟ್ವಾಗ್ಲೂ?”

“ಖಂಡಿತ.”

“ನಾನ್ ಬ್ಯಾಡ ಅಂದ್ರೆ ನಿಲ್ಸ್ಬುಟ್ಟೀರಾ?”

“ನಿಲ್ಲಿಸಿಬಿಡುತ್ತೇನೆ.”

“ಅಂಗಾರೆ ಬನ್ನಿ ಸಾಮಿ” ಅಂದ ಅಪ್ಪ. “ಬ್ಯಾಡ ಅನ್ನಕ್ಕೇ ಕುಂತಿರ್ತೀನಿ.”

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ಅಪ್ಪನಿಗೂ ತುಟಿಯಂಚಿನಲ್ಲಿ ನಗು ಬಂದು, ಬಂದದ್ದೇ ತಪ್ಪು ಅನ್ನುವಂತೆ ಮೀಸೆ ಒರೆಸಿಕೊಂಡ.

ಭಾನುವಾರ ಅವ್ವ ಅಂಗಳ ಸಾರಿಸಿದಳು. ನಾಟಕ ಬೇಡ ಅಂದವಳೇ, ಆದರೂ ಬರುವವರ ಮುಂದೆ ಅಂಗಳ ಹಾಗೇ ಬಿಡಲು ಮನಸ್ಸಾಗಲಿಲ್ಲ. ಮೇಷ್ಟ್ರ ಅಣ್ಣ ಅಂಗಡಿಯ ಹಸಿರು ಕಟ್‌ಪೀಸುಗಳನ್ನೆಲ್ಲ ಜೋಡಿಸಿ ಕಾಡಿಗೆ ಒಂದು ದೊಡ್ಡ ಹೊದಿಕೆ ಹೊಲಿದು ಕಳಿಸಿದ್ದರು. ಗಿಣಿ ಹಸಿರು, ಎಲೆ ಹಸಿರು, ಯಾರದೋ ರೇಷ್ಮೆ ರವಿಕೆಯ ಚೂರು, ಯಾರದೋ ಲಂಗದ ಚೂರು. ಕಾಡಿನ ಪಾತ್ರ ನನ್ನದು. ಅದನ್ನು ಹೊದ್ದುಕೊಂಡರೆ ಹೊಸ ಬಟ್ಟೆಯ ಗಂಜಿ ವಾಸನೆ ಬರುತ್ತಿತ್ತು. ಮಾದೇಶ ಅಪ್ಪನ ಟವೆಲ್ಲನ್ನೇ ತಲೆಗೆ ಸುತ್ತಿಕೊಂಡು ದನಗಾಹಿಯಾದ. ಗೋಣಿಚೀಲದ ಕೆಳಗೆ ಇಬ್ಬರು ಹುಡುಗರು ದನ. ನೋಡಲು ಅಕ್ಕಪಕ್ಕದ ಹಟ್ಟಿಯವರೆಲ್ಲ ಬಂದು ಜಗಲಿಯ ಮೇಲೆ, ಒರಳುಕಲ್ಲಿನ ಮೇಲೆ, ನೇಗಿಲ ಮೇಲೆ ಕೂತರು. ದನ ಮೇಯಿಸುವವರೇ ಅರ್ಧ ಜನ. ಅಪ್ಪ ಎಲ್ಲರ ಮುಂದೆ ಕುಕ್ಕರಗಾಲಿನಲ್ಲಿ ಕೂತ, ಮುಖ ಕಲ್ಲು.

ಶುರುವಾಯಿತು. ಮಾದೇಶ ಕೋಲು ತೆಗೆದುಕೊಂಡು ಗೋಣಿಚೀಲದ ದನಕ್ಕೆ ಪಟಾರನೆ ಬಾರಿಸಿದ.

“ಏ ಮಾದೇಸ!” ಅಪ್ಪ ಕೂತಲ್ಲಿಂದಲೇ ಗುಡುಗಿದ. “ನಾನ್ಯಾವತ್ಲಾ ದನೀಗೆ ಅಂಗ್ ಒಡ್ದೆ?”

ಮಾದೇಶ ಪೆಚ್ಚಾಗಿ ಮೇಷ್ಟ್ರ ಮುಖ ನೋಡಿದ.

“ತತ್ತಾ ಇಲ್ಲಿ” ಅಂತ ಅಪ್ಪ ಎದ್ದೇ ಬಂದ. ಕೋಲು ಕಿತ್ತುಕೊಂಡ. “ಕೋಲಿರಾದು ಒಡ್ಯಕ್ಕಲ್ಲ ಕಣ್ಲಾ, ತೋರ್ಸಕ್ಕೆ. ನೋಡು, ಇಂಗೆ.” ಕೋಲನ್ನು ಬೆನ್ನ ಹಿಂದೆ ಅಡ್ಡ ಹಿಡಿದು, ತುಟಿಯಲ್ಲಿ ಒಂದು ಸದ್ದು ಮಾಡುತ್ತ ಅಂಗಳದ ಸುತ್ತ ನಡೆದ. ಗೋಣಿಚೀಲದೊಳಗಿನ ಹುಡುಗರು ನಿಜವಾದ ದನದ ಹಾಗೇ ಹಿಂದೆ ಹಿಂದೆ ಹೋದರು. ಊರೇ ಗೊಳ್ಳೆಂದು ನಕ್ಕಿತು. ಅಲ್ಲಿಂದ ಮುಂದೆ ಯಾರು ನೋಡುವವರು, ಯಾರು ಆಡುವವರು ಅನ್ನುವುದೇ ಉಳಿಯಲಿಲ್ಲ. ಕಾಕಾ ಪಾತ್ರದ ಹುಡುಗ “ಮತಿ, ಮತಿ” ಅಂದಾಗ ಪಕ್ಕದ ಹಟ್ಟಿ ಕೆಂಪಜ್ಜಿ, “ಇನ್ನೊಂದ್ ಮಂಕ್ರಿ ಆಕ್ಸ್ಕೊಂಡೇ ಅಂಗನ್ನಾದು ಆವಯ್ಯ, ಸರ್ಯಾಗ್ ಮಾಡ್ಲಾ” ಅಂತ ತಿದ್ದಿದಳು. ಅಪ್ಪ ಕೋಲು ವಾಪಸು ಕೊಡಲೇ ಇಲ್ಲ. ಮಾದೇಶ ಟವೆಲ್ಲು ಬಿಚ್ಚಿ ಅಪ್ಪನ ಹೆಗಲಿಗೆ ಹಾಕಿ ತಾನು ಹೋಗಿ ಒರಳುಕಲ್ಲಿನ ಮೇಲೆ ಕೂತ.

ಹಾಗೆ ಕಾಡಿನ ದೃಶ್ಯ ಬರುವ ಹೊತ್ತಿಗೆ ನನ್ನೆದುರು ನಿಂತಿದ್ದವನು ನನ್ನಪ್ಪನೇ.

ಆದರೂ ಬರೆದ ಮಾತನ್ನು ಹೇಳಿದೆ: “ಪುಟ್ಟಪ್ಪ, ನಿನ್ನ ದನ ನನ್ನ ಹುಲ್ಲೆಲ್ಲ ತಿಂದವು. ತಿಂದರೆ ತಿನ್ನಲಿ. ಸಗಣಿಯನ್ನಾದರೂ ನನಗೆ ಬಿಡಬಾರದಿತ್ತಾ? ಅದನ್ನೂ ಲಾರಿಗೆ ತುಂಬಿ ಕಳಿಸಿದೆ. ನಾನು ಏನು ತಿಂದು ಬದುಕಲಿ?”

ಅಪ್ಪ ಕೋಲು ಊರಿ ನಿಂತ. ಕಂದಕದ ಕಡೆ ನೋಡಿದ. “ಅದೂ ದಿಟವೇಯ” ಅಂದ, ಮೆಲ್ಲಗೆ. ಆಮೇಲೆ ನನ್ನ ಹತ್ತಿರ ಬಂದು, ಮಗಳಿಗೆ ಹೇಳುವ ಹಾಗಲ್ಲ, ಕಾಡಿಗೇ ಹೇಳುವ ಹಾಗೆ ಕೇಳಿದ: “ಸರಿ ಕಣವ್ವ. ದನ ನಿನ್ತವ್ಕೆ ಬುಡಾಕಿಲ್ಲ. ಅಂಗಾರೆ ಎಲ್ಗ್ ಬುಡ್ಲಿ? ದನವೂ ಬ್ಯಾಡ ಅಂದ್ರೆ ನಾನೆಲ್ಗ್ ಓಗ್ಲಿ? ನೀನೇ ಏಳು.”

ನನ್ನ ನಾಟಕದಲ್ಲಿ ಮುಂದಿನ ಸಾಲು ಇತ್ತು. ಕಾಡು ಮುಗುಳ್ನಕ್ಕು, “ಕಾಡು ಉಳಿಸಿ, ನಾಡು ಉಳಿಸಿ” ಅನ್ನಬೇಕು. ರಾಜನನ್ನು ಬಿಟ್ಟಿದ್ದೆ, ಅದನ್ನು ಬಿಟ್ಟಿರಲಿಲ್ಲ. ಅಪ್ಪನ ಮುಖ ನೋಡುತ್ತ ಅದನ್ನು ಹೇಳಲು ಬಾಯಿ ಬರಲಿಲ್ಲ. ಕಟ್‌ಪೀಸಿನ ಕಾಡು ಸುಮ್ಮನೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅವ್ವ, “ಉತ್ರ ಬರೀದೇನೆ ನಾಟ್ಕ ಬರ್ದ್ಬುಟ್ಟಿದ್ದೀಯಾ?” ಅಂದಳು. ಯಾರೋ ನಕ್ಕರು, ಯಾರೋ ಶ್ ಅಂದರು.

ಮೇಷ್ಟ್ರು ಎದ್ದರು. “ನಾಟಕ ಇಲ್ಲಿಗೇ ಮುಗಿಯಲಿ” ಅಂದರು. “ಮುಂದೆ ಇರುವುದೆಲ್ಲ ಸುಳ್ಳು.” ಆಮೇಲೆ ಅಪ್ಪನ ಕಡೆ ತಿರುಗಿ, “ಈಗ ಹೇಳಿ. ಬೇಕಾ, ಬೇಡವಾ?”

ಊರೆಲ್ಲ ಅಪ್ಪನ ಬಾಯಿ ನೋಡುತ್ತಿತ್ತು. ನಾನು ನೆಲ ನೋಡುತ್ತಿದ್ದೆ. ಅಪ್ಪ ಕೋಲನ್ನು ಗೋಡೆಗೆ ಒರಗಿಸಿ, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

“ತಕ್ಕೊಂಡೋಗಿ ಸಾಮಿ. ಆದ್ರೆ ನನ್ ಮಾತ್ನೂ ತಕ್ಕೊಂಡೋಗಿ. ಅದ್ನ ಬುಟ್ಟು ಬರೀ ಕಾಡಿನ್ ಮಾತ ತಕ್ಕೊಂಡೋಗ್ಬ್ಯಾಡಿ.”

ನನಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಕಡೆ ಹಾಗೆಲ್ಲ ತಬ್ಬಿಕೊಳ್ಳುವುದಿಲ್ಲ. ಆ ರಾತ್ರಿ ಅವನ ತಟ್ಟೆಗೆ ನಾನೇ ಹಿತುಕಿದ ಬೇಳೆ ಹೆಚ್ಚಾಗಿ ಬಡಿಸಿದೆ. ಅಪ್ಪ ಕೈಯಡ್ಡ ಹಿಡಿದು “ಮತಿ, ಮತಿ” ಅಂದ.

ಸ್ಪರ್ಧೆಯ ದಿನ ನಾವು ಬೆಳಿಗ್ಗೆಯೇ ಬಸ್ಸು ಹತ್ತಿದೆವು. ತೆರಕಣಾಂಬಿ ದಾಟಿದ ಮೇಲೆ ಮಾದೇಶ ವಾಂತಿ ಮಾಡಿಕೊಂಡ, ಅಪ್ಪನ ಟವೆಲ್ಲು ಕಿಟಕಿಯಾಚೆ ಒಣಗುತ್ತ ಬಂತು. ಅಪ್ಪನೂ ನಮ್ಮ ಜೊತೆಯೇ ಬಂದಿದ್ದ, ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಅಂಗಿ ಹಾಕಿಕೊಂಡು. ಕೆಂಪಜ್ಜಿಯೂ ಬಂದಿದ್ದಳು. ಯಾಕೆ ಬಂದೆ ಅಂದರೆ, ಕಾಕಾ ಪಾತ್ರದ ಹುಡುಗನ ಕಡೆ ಕೈ ತೋರಿಸಿ, “ಆ ಕಾಕನ್ ಐಕ ತಪ್ ಮಾಡ್ಬುಟ್ರೆ?” ಅಂದಳು.

ದೊಡ್ಡ ಹಾಲು, ನಿಜವಾದ ಸ್ಟೇಜು, ನೀಲಿ ಪರದೆ, ಮೈಕು. ಮುಂದಿನ ಸಾಲಿನಲ್ಲಿ ತೀರ್ಪುಗಾರರು, ಅವರ ಪಕ್ಕದಲ್ಲಿ ಖಾಕಿಯ ಫಾರೆಸ್ಟ್ ಸಾಹೇಬರು. ಅಪ್ಪ ಅವರನ್ನು ಕಂಡವನೇ ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತ. ನಮಗಿಂತ ಮೊದಲು ಆಡಿದವರ ನಾಟಕಗಳಲ್ಲಿ ರಾಜರು ಬಂದರು, ಮರಗಳು ಅತ್ತವು. ಹೊಳೆಯುವ ಕಿರೀಟ, ಥರ್ಮಾಕೋಲಿನ ಮರ. ಎಲ್ಲದರ ಕೊನೆಗೂ ಮಕ್ಕಳು ಸಸಿ ಎತ್ತಿ ಹಿಡಿದರು, ಜನ ಚಪ್ಪಾಳೆ ತಟ್ಟಿದರು. ನಮ್ಮ ಗೋಣಿಚೀಲದ ದನವನ್ನು ನೋಡಿ ನನಗೆ ನಾಚಿಕೆಯಾಯಿತು.

ಆದರೆ ಆಡುತ್ತ ಆಡುತ್ತ ಹಾಲು ನಮ್ಮ ಕಡೆಗೆ ಬಂತು. ಮಾದೇಶ ಕೋಲನ್ನು ಬೆನ್ನ ಹಿಂದೆ ಅಡ್ಡ ಹಿಡಿದು ಥೇಟ್ ಅಪ್ಪನ ಹಾಗೆ ನಡೆದ. “ಮತಿ”ಗೆ ಎಲ್ಲರೂ ನಕ್ಕರು. ಕೊನೆಗೆ ಮಾದೇಶ ನನ್ನೆದುರು ನಿಂತು ಅಪ್ಪನ ಮಾತನ್ನು ಕೇಳಿದ: “ದನವೂ ಬ್ಯಾಡ ಅಂದ್ರೆ ನಾನೆಲ್ಗ್ ಓಗ್ಲಿ? ನೀನೇ ಏಳು.”

ಮೇಷ್ಟ್ರ ಲೆಕ್ಕದಲ್ಲಿ ನಾಟಕ ಅಲ್ಲಿಗೆ ಮುಗಿಯಿತು. ಕಾಡು ಸುಮ್ಮನೆ ನಿಲ್ಲಬೇಕು, ಪರದೆ ಬೀಳಬೇಕು. ಪರದೆಯ ಹಗ್ಗ ಹಿಡಿದವರಿಗೆ ಮೊದಲೇ ಹೇಳಿಟ್ಟಿದ್ದರು. ಆದರೆ ಊಟದ ಹೊತ್ತಿಗೆ ಹಗ್ಗ ಬೇರೆಯವರ ಕೈಗೆ ಬದಲಾಗಿತ್ತು. ಅವರು ನಾನು ಮಾತು ಮರೆತಿದ್ದೇನೆ ಅಂದುಕೊಂಡು, ಪಾಪ ಹುಡುಗಿ ನೆನಪು ಮಾಡಿಕೊಳ್ಳಲಿ ಅಂತ ಕಾದರು. ಪರದೆ ಬೀಳಲೇ ಇಲ್ಲ. ನಾನು ನಿಂತೇ ಇದ್ದೆ. ಮುಂದಿನ ಸಾಲಿನಲ್ಲಿ ಯಾರೋ “ಮರೆತುಬಿಟ್ಟಳು” ಅಂದರು. ಹುಡುಗರು ಕಿಸಿಕಿಸಿ ನಗತೊಡಗಿದರು. ಸ್ಟೇಜಿನ ಪಕ್ಕದಿಂದ ಬೇರೆ ಶಾಲೆಯ ಟೀಚರೊಬ್ಬರು, ನನಗೆ ಒಳ್ಳೆಯದಾಗಲಿ ಅಂತಲೇ, “ಕಾಡು ಉಳಿಸಿ ಅನ್ನು, ಕಾಡು ಉಳಿಸಿ ಅನ್ನು” ಅಂತ ಪಿಸುಗುಟ್ಟಿದರು. ಹಸಿರು ಹೊದಿಕೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡೆ. ಹೇಳಿ ಮುಗಿಸಿಬಿಡೋಣ ಅಂತ ಬಾಯಿ ತೆರೆದೆ.

ಆಗ ಹಿಂದಿನ ಗೋಡೆಯ ಕಡೆಯಿಂದ, ಅಂಗಳದಲ್ಲಿ ಕೂಗಿದ ಹಾಗೇ, ಅಪ್ಪನ ದನಿ ಬಂತು.

“ಎದರ್ಕೋಬ್ಯಾಡ ಕಣಮ್ಮಿ! ಗೊತ್ತಿಲ್ದೆ ಓದ್ರೆ ಗೊತ್ತಿಲ್ಲ ಅನ್ನು, ಬುಡು!”

ಹಾಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಸಾಹೇಬರ ಖಾಕಿ ಟೋಪಿಯೂ ತಿರುಗಿತು. ದನ ಕಾಯುವವನು ಅಂತ ಯಾರಿಗೂ ಗೊತ್ತಾಗಬಾರದು ಅಂತ ಗೋಡೆಗೆ ಅಂಟಿಕೊಂಡಿದ್ದವನು, ಮಗಳು ಹೆದರಿದ್ದು ಕಂಡಕೂಡಲೇ ಎಲ್ಲ ಮರೆತು ಕೈಯೆತ್ತಿ ನಿಂತಿದ್ದ. ಬಿಳಿ ಅಂಗಿ ಅಷ್ಟು ದೂರದಿಂದಲೂ ಚೆನ್ನಾಗಿ ಕಾಣುತ್ತಿತ್ತು.

ನಾನು ಮಾದೇಶನನ್ನು ಬಿಟ್ಟು ಆ ಕಡೆ ನೋಡಿದೆ.

“ನಂಗೊತ್ತಿಲ್ಲ ಕಣಪ್ಪ” ಅಂದೆ.

ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿತು. ನಗುತ್ತಿದ್ದವರು ನಗು ನಿಲ್ಲಿಸಿದರು. ಕಾಡು ದನಗಾಹಿಗೆ ಅಪ್ಪ ಅಂದಿತ್ತು. ಅದನ್ನು ನಾನು ಬರೆದಿರಲಿಲ್ಲ, ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಯಾವಾಗಲೋ ಪರದೆ ಬಿತ್ತು.

ಬಹುಮಾನ ಬರಲಿಲ್ಲ. ನಾಟಕಕ್ಕೆ ಸಂದೇಶವಿಲ್ಲ, ಜೊತೆಗೆ ಪ್ರೇಕ್ಷಕರು ಮಾತು ಹೇಳಿಕೊಟ್ಟಿದ್ದಾರೆ ಅಂತ ತೀರ್ಪುಗಾರರು ಮೈಕಿನಲ್ಲೇ ಹೇಳಿದರು. ನಾನು ಹಸಿರು ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಕೆಂಪಜ್ಜಿ ತೀರ್ಪುಗಾರರಿಗೆ ಒಂದೆರಡು ಮಾತು ಅಂದಳು, ಇಲ್ಲಿ ಬರೆಯುವಂಥದ್ದಲ್ಲ. ಮೇಷ್ಟ್ರು ನನ್ನ ತಲೆ ನೇವರಿಸಿ, “ನಾನು ನಾಟಕವನ್ನು ಒಂದು ಸಾಲು ಮೊದಲೇ ನಿಲ್ಲಿಸಿಬಿಟ್ಟಿದ್ದೆ. ನಿಮ್ಮಪ್ಪ ಮುಗಿಸಿಕೊಟ್ಟರು” ಅಂದರು.

ಅಪ್ಪ ಎಲ್ಲಿ ಅಂತ ನೋಡಿದರೆ, ಹೊರಗೆ ಹೊಂಗೆ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಖಾಕಿ ಸಾಹೇಬರು. ಅಪ್ಪ ಸಿಕ್ಕಿಬಿದ್ದ ಅಂದುಕೊಂಡೆ. ಆದರೆ ಇಬ್ಬರ ಕೈಯಲ್ಲೂ ಟೀ ಲೋಟ ಇತ್ತು. ಸಾಹೇಬರು ಏನೋ ಕೇಳುತ್ತಿದ್ದರು, ಅಪ್ಪ ಕೈ ನೀಡಿ ಯಾವುದೋ ದಿಕ್ಕು ತೋರಿಸುತ್ತಿದ್ದ. ಊರಿನ ಹೆಸರನ್ನೂ ಹೇಳಿಬಿಟ್ಟಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತ. “ನಾನ್ ಬಾಯ್ ಮುಚ್ಕೊಂಡಿರ್ಬೇಕಿತ್ತು ಕಣಮ್ಮಿ” ಅಂದ. “ನಮ್ಮಂಗ್ಳ ಅನ್ಕೊಬುಟ್ಟೆ.” ಇಲ್ಲ ಅನ್ನುವ ಹಾಗೆ ನಾನು ತಲೆಯಾಡಿಸಿದೆ. ಸಾಹೇಬರು ಏನಂದರು ಅಂತ ಕೇಳಿದೆ.

“ನಿನ್ ಕೇಳ್ದ ಮಾತ್ನೇ ಆವಯ್ನ್ಗೂ ಕೇಳ್ದೆ. ದನ ಬುಡ್ದೆ ಓದ್ರೆ ನಾನೆಲ್ಗ್ ಓಗ್ಲಿ ಅಂತ.”

“ಏನಂದ್ರು?”

ಅಪ್ಪ ಕಿಟಕಿಯಾಚೆ ನೋಡಿ ನಕ್ಕ. “ಆವಯ್ನ್ಗೂ ಗೊತ್ತಿಲ್ವಂತೆ ಕಣಮ್ಮಿ.”

ಅದಾದ ಮೇಲೆ ಪವಾಡವೇನೂ ನಡೆಯಲಿಲ್ಲ. ನಮ್ಮ ನಾಟಕದಿಂದ ದನ ಹೋಗಲೂ ಇಲ್ಲ, ಉಳಿಯಲೂ ಇಲ್ಲ. ಕಾಲ ಬಂದಾಗ ಅವು ತಾವಾಗಿಯೇ ಕಮ್ಮಿಯಾದವು. ಕಾಯುವವರು ಸಿಗಲಿಲ್ಲ, ತಡೆಯುವುದು ಬಿಗಿಯಾಯಿತು, ಬಂಡೀಪುರದ ರಸ್ತೆ ರಾತ್ರಿ ಹೊತ್ತು ಮುಚ್ಚಿತು, ಲಾರಿಗಳೂ ವಿರಳವಾದವು. ಅಪ್ಪ ಕೊನೆಕೊನೆಗೆ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಕಂದಕದ ಆಚೆ ಹುಲ್ಲು ಮತ್ತೆ ಎದ್ದಿತು. ಅದನ್ನು ನೋಡಿದಾಗಲೆಲ್ಲ, “ನಿನ್ ಕಾಡು ಉಣ್ಕಂಡು ತಿನ್ಕಂಡು ಚ್ಯನ್ನಾಗದೆ, ನನ್ ಮಾತ್ಗೆ ಮಾತ್ರ ಇನ್ನೂವೆ ಉತ್ರ ಕೊಡ್ನಿಲ್ಲ” ಅಂತ ನನ್ನನ್ನು ರೇಗಿಸುತ್ತಿದ್ದ. ಈಗ ರೇಗಿಸಲು ಅವನಿಲ್ಲ. ಮೇಷ್ಟ್ರಿಗೆ ಎತ್ತಲೋ ದೂರ ವರ್ಗವಾಯಿತು. ಹೊರಡುವ ದಿನ ಒಂದು ಡಬ್ಬಿ ಸುರಕುಂಬ, ಅವರ ಹಬ್ಬದ ಶಾವಿಗೆ ಪಾಯಸ, ತಂದು ಕೊಟ್ಟಿದ್ದರು, ಡಬ್ಬಿ ಈಗಲೂ ನಮ್ಮ ಮನೆಯಲ್ಲಿ ಸಾಸಿವೆ ತುಂಬಿಕೊಂಡು ಇದೆ.

ನಾನೂ ಮೇಷ್ಟ್ರೇ ಆದೆ, ಹರವೆ ಕಡೆಯ ಒಂದು ಶಾಲೆಯಲ್ಲಿ. ವರ್ಷಕ್ಕೊಮ್ಮೆ ಮಕ್ಕಳ ಕೈಯಲ್ಲಿ ಪರಿಸರದ ನಾಟಕ ಬರೆಸುತ್ತೇನೆ. ಈಗಿನವು ಎಷ್ಟು ಚೆನ್ನಾಗಿರುತ್ತವೆ ಅಂದರೆ, ಒಂದು ಕಾಗುಣಿತ ತಪ್ಪಿರುವುದಿಲ್ಲ, ಎಲ್ಲ ಫೋನಿನಿಂದ ಇಳಿಸಿದ್ದು. ರಾಜ ಹೋಗಿದ್ದಾನೆ. ದುಷ್ಟನಿಗೆ ಈಗ ‘ಮಾನವ’ ಅಂತ ಹೆಸರು. “ಈ ಮಾನವನ ಮನೆ ಯಾವ ಬೀದಿಯಲ್ಲಿದೆ?” ಅಂತ ನಾನೂ ಕೇಳಿ ಸುಮ್ಮನೆ ನಿಲ್ಲುತ್ತೇನೆ, ಅನ್ವರ್ ಮೇಷ್ಟ್ರ ಹಾಗೆ. ಒಂದಿಬ್ಬರು ನಿಜವಾಗಿಯೂ ಹೋಗಿ ಕೂತು ಬರೆದುಕೊಂಡು ಬರುತ್ತಾರೆ. ಆದರೆ ಮೊದಲು ಅಂಗಳದಲ್ಲಿ ಆಡೋಣ ಅಂದರೆ ಅಂಗಳ ಎಲ್ಲಿದೆ? ಬೀದಿಗೆ ತಾಗಿದ ಗೇಟು, ಗೇಟಿನೊಳಗೆ ಬೈಕು. ಅಪ್ಪ ಅಮ್ಮ ಇಬ್ಬರೂ ಬದನಗುಪ್ಪೆಯ ಫ್ಯಾಕ್ಟರಿಗೆ ವ್ಯಾನು ಹತ್ತಿ ಹೋಗಿರುತ್ತಾರೆ, ಬೇಡ ಅನ್ನುವುದಕ್ಕಾದರೂ ಕೂರಲು ಅವರಿಗೆ ಹೊತ್ತಿಲ್ಲ.

ನನಗೆ ಸಿಕ್ಕಿದ್ದು ಎಷ್ಟು ದೊಡ್ಡದು ಅಂತ ಆಗ ತಿಳಿಯುತ್ತದೆ. ಬರೆಯಲು ಹೇಳಿದ ಒಬ್ಬ ಮೇಷ್ಟ್ರು. ಬೇಡ ಅನ್ನಲು ಬಂದು ಕೋಲು ಹಿಡಿದು ಎದುರು ನಿಂತ ಒಬ್ಬ ಅಪ್ಪ. ಸೊಗಡಿನ ಅವರೆಕಾಯಿಯ ಕಾಲದಲ್ಲಿ, ಸಗಣಿ ಗುಡ್ಡೆಯ ಪಕ್ಕದಲ್ಲಿ, ಅವರಿಬ್ಬರೂ ಒಂದೇ ಜಗಲಿಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿದಿದ್ದರು.

ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವುದಾದರೂ ಹುಡುಗಿ ಸ್ಟೇಜಿನ ಮೇಲೆ ಮಾತು ತಪ್ಪಿ ನಿಂತುಬಿಡುತ್ತಾಳೆ. ಪಕ್ಕದಿಂದ ಹೇಳಿಕೊಡಲು ಬಾಯಿ ತೆರೆಯುತ್ತೇನೆ, ಮುಚ್ಚಿಕೊಳ್ಳುತ್ತೇನೆ. ನನ್ನ ಕಣ್ಣು ತಾನಾಗಿ ಹಿಂದಿನ ಸಾಲಿಗೆ ಹೋಗುತ್ತದೆ. ಅಲ್ಲಿ ಅಪ್ಪಂದಿರು ಫೋನೆತ್ತಿ ಹಿಡಿದು ಸುಮ್ಮನೆ ವಿಡಿಯೋ ಮಾಡುತ್ತಿರುತ್ತಾರೆ. ಅವರಲ್ಲಿ ಒಬ್ಬನಾದರೂ ಫೋನು ಕೆಳಗಿಟ್ಟು, ಇದು ತನ್ನದೇ ಅಂಗಳ ಅಂದುಕೊಂಡು ಒಂದು ಸಲ ಕೂಗಲಿ ಅಂತ ಕಾಯುತ್ತೇನೆ.